ದಾಕ್ಷಾಯಣಮ್ಮನ ಎಡಗೈ

ಮರಿಯ ಕುತ್ತಿಗೆ ಮುರಿಯಲು ಬಲ ಬೇಕಿಲ್ಲ, ಜಾಗ ಗೊತ್ತಿದ್ದರೆ ಸಾಕು. ತಲೆಬುರುಡೆ ಮುಗಿದು ಕತ್ತು ಶುರುವಾಗುವ ಕಡೆ ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ಹೆಬ್ಬೆರಳು ಊರಿ, ಕೆಳಕ್ಕೆ ಜಗ್ಗಿ, ಹಿಂದಕ್ಕೆ ಮಡಚಿದರೆ ಬೆರಳಿನಡಿ ಏನೋ ಕಳಚಿಕೊಂಡದ್ದು ತಿಳಿಯುತ್ತದೆ. ಆಮೇಲೆ ಅದು ರೆಕ್ಕೆ ಬಡಿಯುವುದು, ಕಾಲು ಕೆದರುವುದು ಎಲ್ಲ ಜೀವ ಹೋದ ಮೇಲಿನದು. ದಾಕ್ಷಾಯಣಮ್ಮನಿಗೆ ಇದನ್ನು ಕಲಿಸಿದವನು ಕೋಳಿ ಕಂಪನಿಯ ಸೂಪರ್‌ವೈಸರ್ ಸತೀಶ್. ಮೊದಲ ದಿನ ಹನ್ನೊಂದು ಮರಿ ಕೊಂದು, ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಹನ್ನೆರಡನೆಯದನ್ನು ಸತೀಶನೇ ಮುರಿದ.

"ಕುಂಟೋದು, ಸೊರಗಿದ್ದು, ಮೂಲೇಲಿ ಮುದುರಿ ಕೂತಿದ್ದು, ಇಂಥವನ್ನ ಇಟ್ಕೋಬಾರದು ಅಕ್ಕ. ಫೀಡ್ ತಿಂತವೆ, ತೂಕ ಬರಲ್ಲ. ಗಟ್ಟಿ ಇರೋವು ಮಾತ್ರ ಉಳೀಬೇಕು," ಎಂದ.

ಆ ಮನೆಗೆ ಅಲ್ಲಿಯವರೆಗೆ ಒಂದು ಮೊಟ್ಟೆ ಕೂಡ ಬಂದಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಅವಳ ಗಂಡ ಶಿವಯೋಗಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುತ್ತಿಗೆ ಕೆಲಸ ಮಾಡಿದವನು. ಕೆಂಪಗೆ ಕಾದ ಸರಳುಗಳನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದವನು. ಆ ಕೆಲಸ ನಿಂತ ಮೇಲೆ ಊರ ಹೊರಗೆ, ಭದ್ರಾ ಕಾಲುವೆಯ ಪಕ್ಕದ ತನ್ನ ಒಂದೆಕರೆಯಲ್ಲಿ ಉದ್ದನೆಯ ಶೆಡ್ಡು ಎತ್ತಿದ. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ಮೈಮುರಿದ ದುಡಿಮೆ ಇವರದು. ಒಂದು ದಿನ ವಯಸ್ಸಿನ ಏಳು ಸಾವಿರ ಮರಿ ತಂದು ಸುರಿಯುತ್ತಾರೆ, ನಲವತ್ತು ದಿನಕ್ಕೆ ಎರಡು ಕೆಜಿಯ ಕೋಳಿಗಳನ್ನು ಲಾರಿಗೆ ತುಂಬಿಕೊಂಡು ಹೋಗುತ್ತಾರೆ. "ಸಾಕೋದು ನಾವು, ತಿನ್ನೋದು ಊರು. ಪಾಪ ಹಂಚಿಹೋಗುತ್ತೆ ಬಿಡೇ ಮಾರಾಯ್ತಿ," ಎಂದು ಶಿವಯೋಗಪ್ಪ ನಗುತ್ತಿದ್ದ.

ಶಿವಮೊಗ್ಗದ ವಿನೋಬನಗರದಲ್ಲಿದ್ದ ಅವನ ಅಕ್ಕ ಶಾಂಭವಿಗೆ ಮಾತ್ರ ಈ ವಿಷಯದಲ್ಲಿ ನಗು ಬರುತ್ತಿರಲಿಲ್ಲ. ನೆಂಟರಿಷ್ಟರ ಮುಂದೆ ಅವಳು ತಮ್ಮನದು ಗೊಬ್ಬರದ ವ್ಯಾಪಾರ ಎಂದೇ ಹೇಳಿಕೊಂಡು ಬಂದಿದ್ದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಒಂದೊಂದು ಬ್ಯಾಚು ಖಾಲಿಯಾದಾಗಲೂ ಹಿಕ್ಕೆ ಬೆರೆತ ಭತ್ತದ ಹೊಟ್ಟನ್ನು ಒಯ್ಯಲು ಸುತ್ತಿನ ಅಡಿಕೆ ಬೆಳೆಗಾರರು ಟ್ರ್ಯಾಕ್ಟರ್ ತಂದು ನಿಲ್ಲಿಸುತ್ತಿದ್ದರು. ಅವರಲ್ಲಿ ಕಟ್ಟಾ ಮಡಿವಂತರೂ ಇದ್ದರು. ಕೋಳಿ ಎಂದರೆ ಮೈಲಿಗೆ, ಗೊಬ್ಬರ ಎಂದರೆ ಏನೂ ಇಲ್ಲ. ಶೆಡ್ಡು ಶುರುವಾಗಿ ಐದನೆಯ ವರ್ಷ ಶಾಂಭವಿಯ ಮಗಳು ರಶ್ಮಿಗೆ ಒಳ್ಳೆಯ ಕಡೆ ಸಂಬಂಧ ಕುದುರಿತ್ತು. ಹುಡುಗನ ಮನೆಯವರು ಬಲು ಆಚಾರವಂತರು. ಹಾಗಾಗಿ ಗೊಬ್ಬರದ ಮಾತು ಇನ್ನಷ್ಟು ಗಟ್ಟಿಯಾಗಿತ್ತು.

ದಾಕ್ಷಾಯಣಮ್ಮ ತನ್ನೊಳಗೇ ಒಂದು ಕಟ್ಟು ಮಾಡಿಕೊಂಡಿದ್ದಳು. ಪೂಜೆಗೆ ಕೂತಾಗ ಲಿಂಗ ಇರುವುದು ಎಡ ಅಂಗೈಯ ಮೇಲೆ. ಆದ್ದರಿಂದ ಎಡಗೈ ಕೊಲ್ಲಕೂಡದು. ಕುತ್ತಿಗೆ ಮುರಿಯಲು ಯಾರಿಗಾದರೂ ಎರಡು ಕೈ ಬೇಕು, ಒಂದು ಕಾಲು ಹಿಡಿಯಲು, ಇನ್ನೊಂದು ಜಗ್ಗಲು. ಅವಳು ಕುಕ್ಕರಗಾಲಲ್ಲಿ ಕೂತು, ಮರಿಯ ಕಾಲುಗಳನ್ನು ತನ್ನ ಪಾದಗಳ ನಡುವೆ ಅದುಮಿಟ್ಟು, ಬಲಗೈಯೊಂದರಲ್ಲೇ ಜಗ್ಗುವುದನ್ನು ರೂಢಿಸಿಕೊಂಡಳು. ಎಡಗೈ ಆಗ ಬೆನ್ನ ಹಿಂದೆ ಇರುತ್ತಿತ್ತು. ಕೋಳಿ ಹಿಡಿದು ಲಾರಿಗೆ ತುಂಬಲು ಬರುವ ಆಳುಗಳು ಅದನ್ನು ನೋಡಿ, ಅಕ್ಕನಿಗೆ ಒಂದು ಕೈ ದೇವರದ್ದು, ಇನ್ನೊಂದು ಯಮನದ್ದು ಎಂದು ಆಡಿಕೊಂಡರು. ಅವಳು ಬೇಸರಪಡಲಿಲ್ಲ. ಅದು ನಿಜವೇ ಆಗಿತ್ತು.

ಎಡಗೈಗೆ ಅವಳು ಒಳ್ಳೆಯ ಕೆಲಸಗಳನ್ನು ಕೊಟ್ಟಿದ್ದಳು. ಮರಿಗಳಿಗೆ ಔಷಧಿ ಕಲಸುವುದು ಅದರ ಪಾಲಿಗೆ ಬಂದಿತ್ತು. ಸತೀಶ್ ತರುವ ಪ್ಯಾಕೆಟ್ಟುಗಳಲ್ಲಿ ಕೆಲವಕ್ಕೆ ಹೆಸರು ಇರುತ್ತಿತ್ತು, ಕೆಲವಕ್ಕೆ ಬರೀ ಬಣ್ಣ. ಮರಿ ಬಂದ ದಿನವೇ ಒಂದು ಪುಡಿ, ಹತ್ತನೆಯ ದಿನಕ್ಕೆ ಇನ್ನೊಂದು, ಮೋಡ ಮುಚ್ಚಿದರೆ ಒಂದು, ಬಿಸಿಲೇರಿದರೆ ಮತ್ತೊಂದು. ರೋಗ ಬಂತೆಂದು ಅಲ್ಲ, ಬರದಿರಲಿ ಎಂದು. ಬಕೆಟ್ಟಿನ ನೀರಿಗೆ ಪುಡಿ ಸುರಿದು, ಮೊಣಕೈವರೆಗೆ ಕೈ ಅದ್ದಿ ಗಂಟು ಒಡೆದು, ಏಣಿ ಹತ್ತಿ ಕಪ್ಪು ಟ್ಯಾಂಕಿಗೆ ಹೊಯ್ಯುತ್ತಿದ್ದಳು. ಅಲ್ಲಿಂದ ಪೈಪುಗಳಲ್ಲಿ ಇಳಿದು ಏಳು ಸಾವಿರ ಕೊಕ್ಕುಗಳಿಗೆ ಹೋಗುತ್ತಿತ್ತು. ಒಣಗಿದ ಮೇಲೆ ಕೈ ವಿಭೂತಿ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಜೀವ ಕಾಯುವ ಕೈ ಇದು ಎಂದುಕೊಳ್ಳುತ್ತಿದ್ದಳು.

ಹೀಗೆ ಐದು ವರ್ಷ ನಡೆಯಿತು. ಒಂದು ಏಪ್ರಿಲ್‌ನಲ್ಲಿ ಪುಡಿ ಕೈಕೊಟ್ಟಿತು.

ಆ ಬ್ಯಾಚಿಗೆ ಇಪ್ಪತ್ತನಾಲ್ಕು ದಿನ ತುಂಬಿತ್ತು. ಬೆಳಿಗ್ಗೆ ಶೆಡ್ಡಿನ ಪರದೆ ಎತ್ತಿದಾಗ ದಾಕ್ಷಾಯಣಮ್ಮನ ಕಿವಿಗೆ ಬಿದ್ದದ್ದು ಕೋಳಿಗಳ ಗದ್ದಲವಲ್ಲ, ಗೊರಗೊರ ಉಸಿರು. ನೂರಾರು ಕೋಳಿಗಳು ಕೊಕ್ಕು ತೆರೆದು, ಕತ್ತು ಚಾಚಿ ಗಾಳಿಗೆ ಬಾಯಿ ಹಾಕುತ್ತಿದ್ದವು. ಹಿಂಭಾಗದ ಗರಿ ಸುಣ್ಣದಂಥ ಬೇಧಿಯಿಂದ ಅಂಟಿಕೊಂಡಿತ್ತು. ಸತ್ತವುಗಳ ಮೇಲೆ ಬದುಕಿದವು ಹತ್ತಿ ನಿಂತು ಕಣ್ಣು ಕುಕ್ಕುತ್ತಿದ್ದವು. ಸತೀಶ್ ಬಂದು ಒಂದು ಸತ್ತ ಕೋಳಿಯ ಎದೆ ಬ್ಲೇಡಿನಲ್ಲಿ ಸೀಳಿ ತೋರಿಸಿದ: ಗುಂಡಿಗೆಯ ಮೇಲೆ, ಈಲಿಯ ಮೇಲೆ ಕೆನೆಗಟ್ಟಿದ ಹಾಗೆ ಹಳದಿ ಪೊರೆ. ಪುಡಿಯನ್ನು ದುಪ್ಪಟ್ಟು ಹಾಕಲು ಹೇಳಿದ. ಹಾಕಿದಳು. ಮರುದಿನ ಇನ್ನೊಂದು ಜಾತಿಯದು ತಂದ. ಅದನ್ನೂ ಕಲಸಿದಳು. ಸಾಯುವ ಕೋಳಿಗಳು ಇನ್ನೂರು ಇದ್ದದ್ದು ನಾನೂರಾದವು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಸತೀಶ್ ಫೋನಿನಲ್ಲೇ ಹೇಳಿದ, ಮಧ್ಯಾಹ್ನದೊಳಗೆ ತೇಕುತ್ತಿರುವುದನ್ನೆಲ್ಲ ತೆಗೆದು ಹೂತುಬಿಡಿ, ಇಲ್ಲದಿದ್ದರೆ ಶೆಡ್ಡೇ ಹೋಗುತ್ತದೆ ಎಂದು. ತೇಕುತ್ತಿದ್ದವು ಸಾವಿರದ ಮೇಲಿದ್ದವು. ಇವು ಅಂಗೈಯಗಲದ ಮರಿಗಳಲ್ಲ, ಒಂದೂಕಾಲು ಕೆಜಿಯ ಕೋಳಿಗಳು. ಪಾದದಡಿ ಅದುಮಿದರೆ ಉಗುರಿನಿಂದ ಮೀನಖಂಡ ಕೆರೆದವು, ಜಾರಿಕೊಂಡು ಓಡಿದವು, ಅರ್ಧ ಮುರಿದ ಕತ್ತು ಜೋತಾಡಿಸುತ್ತ ಗೋಡೆಗೆ ಬಡಿದುಕೊಂಡವು. ಶಿವಯೋಗಪ್ಪ ಹಿಡಿದು ಹಿಡಿದು ಎಸೆಯುತ್ತಿದ್ದ. "ಎರಡೂ ಕೈ ಹಾಕೇ! ಹಿಂಗಾದ್ರೆ ನಾಳೆವರೆಗೂ ಮುಗಿಯಲ್ಲ," ಎಂದು ಕೂಗಿದ.

ಅವಳು ಎಡಗೈಯನ್ನು ಬೆನ್ನ ಹಿಂದಿನಿಂದ ತಂದಳು.

ಎರಡು ಕೈ ಸೇರಿದ ಮೇಲೆ ಕೆಲಸ ಹರಿಯಿತು. ಎಡಗೈಯಲ್ಲಿ ಕಾಲು, ಬಲಗೈಯಲ್ಲಿ ಕತ್ತು. ಜಗ್ಗು, ಮಡಚು, ಎಸೆ. ಇನ್ನೂರರ ಆಚೆ ಅವಳಿಗೆ ಎಣಿಕೆ ಉಳಿಯಲಿಲ್ಲ. ಮೂಗಿಗೆ ವಾಸನೆ ಬರುವುದು ನಿಂತಿತು. ಫೀಡಿನ ಖಾಲಿ ಚೀಲಗಳಿಗೆ ತುಂಬುವಾಗ, ಚೀಲಕ್ಕೆ ಹೆಚ್ಚು ಹಿಡಿಯಲೆಂದು ಸತ್ತ ಕೋಳಿಗಳ ಕಾಲು ಮುರಿದು, ಮೊಣಕಾಲೂರಿ ಅದುಮಿದಳು. ಹಾಗೆ ಅದುಮುವಾಗಲೇ ಮುರಿದ ತೊಡೆಮೂಳೆಯ ಚೂಪು, ಚರ್ಮ ಹರಿದುಕೊಂಡು ಮೇಲೆದ್ದು, ಅವಳ ಎಡ ಅಂಗೈಯ ಮೆತ್ತನೆಯ ಜಾಗದಲ್ಲಿ, ಹೆಬ್ಬೆರಳಿನ ಬುಡದಲ್ಲಿ ಕಚಕ್ಕನೆ ಇಳಿಯಿತು. ಕೈ ಕಿತ್ತುಕೊಂಡಳು. ಒಂದೇ ಒಂದು ಹನಿ ರಕ್ತ. ಸೆರಗಿಗೆ ಒರೆಸಿ, ಚೀಲದ ಬಾಯಿ ಕಟ್ಟಿದಳು.

ಸಂಜೆ ಸ್ನಾನ ಮಾಡಿ ಪೂಜೆಗೆ ಕೂತಾಗ ಲಿಂಗ ಇಟ್ಟ ಜಾಗ ಮಿಡಿಯಿತು. ಅವಳ ಎದೆ ಝಲ್ಲೆಂದಿತು. ನೋವಿಗಲ್ಲ. ಇಟ್ಟುಕೊಂಡ ಕಟ್ಟು ಮುರಿದ ದಿನವೇ, ಮುರಿದ ಕೈಗೇ ಪೆಟ್ಟು ಬಿದ್ದಿತ್ತು.

ಮರುದಿನ ಅಂಗೈ ಊದಿ ರೊಟ್ಟಿಯಂತಾಯಿತು. ಶಿವಯೋಗಪ್ಪ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಬಿಳಿ ಪುಡಿಯನ್ನೇ ಗಾಯದ ಮೇಲೆ ಉದುರಿಸಿ ಬಟ್ಟೆ ಸುತ್ತಿದ. ಸಾವಿರಾರು ಕೋಳಿಗೆ ಆಗುವುದು ಒಂದು ಕೈಗೆ ಆಗುವುದಿಲ್ಲವೇ ಎಂದು ಅವನ ಲೆಕ್ಕ. ಕೋಳಿಗಳಿಗೇ ಅದು ಆಗಲಿಲ್ಲವೆಂಬುದು ಆ ಗಾಬರಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಮೂರನೆಯ ದಿನ ಜ್ವರ ಬಂತು, ಬೆರಳುಗಳು ಮಡಚಲಾರದಷ್ಟು ಬಿಗಿದವು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು. ಹೆದರಿದ ಶಿವಯೋಗಪ್ಪ ಅವಳನ್ನು ಶಿವಮೊಗ್ಗಕ್ಕೆ, ಅಕ್ಕನ ಮನೆಗೆ ಕರೆತಂದ.

ಶಾಂಭವಿ ಕೆಟ್ಟವಳಲ್ಲ. ಅತ್ತಿಗೆಯಾಗಿ ಹಂಗಿಸಿದ್ದಕ್ಕಿಂತ ಹೆಚ್ಚಾಗಿ ಅಕ್ಕನಾಗಿ ಬಡಿಸಿದವಳು. ತಲೆ ಬಾಚಿ, ತನ್ನದೇ ಒಳ್ಳೆಯ ಸೀರೆ ಉಡಿಸಿ, ಮನೆಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಆಟೋದಲ್ಲಿ ಕೂತಾಗ ಮಾತ್ರ ಒಂದು ಮಾತು ಹೇಳಿದಳು. ಆ ಕ್ಲಿನಿಕ್ಕಿಗೆ ರಶ್ಮಿಯ ಬೀಗರ ಕಡೆಯವರೂ ಬರುತ್ತಾರೆ, ಕೋಳಿಯ ವಿಷಯ ಎತ್ತಬೇಡ, ಈಳಿಗೆಮಣೆ ತಾಗಿತು ಎಂದರೆ ಸಾಕು, ಗಾಯ ಯಾವುದಾದರೇನು, ಮಾತ್ರೆ ಅದೇ ತಾನೇ ಎಂದಳು. ದಾಕ್ಷಾಯಣಮ್ಮ ತಲೆಯಾಡಿಸಿದಳು. ಬೀಗರಿಗಾಗಿ ಅಲ್ಲ. ಈ ಕೈಯಲ್ಲಿ ಕೊಂದೆ ಎಂದು ಬಾಯಿಬಿಟ್ಟು ಹೇಳುವ ಪ್ರಸಂಗ ತಪ್ಪಿತಲ್ಲ ಎಂದು. ಕ್ಲಿನಿಕ್ಕಿನ ಚೀಟಿಯ ಮೇಲೆ ಈಳಿಗೆಮಣೆ ಎಂದು ಬರೆದುಕೊಂಡರು, ಎಲ್ಲರಿಗೂ ಕೊಡುವ ಮಾತ್ರೆ ಕೊಟ್ಟರು. ಸಸ್ಯಾಹಾರಿಗಳ ಅಡುಗೆಮನೆಯ ಗಾಯಕ್ಕೆ ಅದು ಸರಿಯಾದ ಮಾತ್ರೆಯೇ ಆಗಿತ್ತು.

ಎರಡು ದಿನದಲ್ಲಿ ಅಂಗೈಯ ನಡುವೆ ನೇರಳೆ ಬಣ್ಣದ ಗುಳ್ಳೆ ಎದ್ದಿತು. ಒಡೆದಾಗ ಒಳಗಿನಿಂದ ಬಂದ ವಾಸನೆಯನ್ನು ದಾಕ್ಷಾಯಣಮ್ಮ ಗುರುತು ಹಿಡಿದಳು. ಅದು ಕೋಳಿಗಳನ್ನು ಹೂತ ಗುಂಡಿಯ ವಾಸನೆ. ಕೆಂಪು ಗೆರೆಯೊಂದು ಮಣಿಕಟ್ಟು ದಾಟಿ ಮೇಲೇರುತ್ತಿತ್ತು. ಅಂದು ಬೆಳಿಗ್ಗೆಯೇ ಸವಳಂಗ ರಸ್ತೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿನ ಸರ್ಜನ್ ಡಾಕ್ಟರ್ ಮೇಧಾ, ಮೂವತ್ತೈದು ದಾಟದ, ಮಾತು ಕಡಿಮೆಯ ಹೆಣ್ಣುಮಗಳು. ಕೈ ನೋಡಿದವರೇ ಆಪರೇಷನ್ ಕೋಣೆಗೆ ಕಳಿಸಿದರು. ಅಂಗೈಯನ್ನು ಉದ್ದಕ್ಕೆ ಸೀಳಿ, ಕೊಳೆತ ಮಾಂಸವನ್ನು ಕತ್ತರಿಯಲ್ಲಿ ಕತ್ತರಿಸಿ ಕತ್ತರಿಸಿ ತೆಗೆದರು. ಮರಗಟ್ಟಿಸಿದ್ದು ತೋಳನ್ನು ಮಾತ್ರ; ಪರದೆಯ ಈಚೆ ಎಚ್ಚರವಾಗಿದ್ದ ದಾಕ್ಷಾಯಣಮ್ಮನಿಗೆ ಕತ್ತರಿಯ ಸದ್ದು ಕೇಳುತ್ತಿತ್ತು, ಬಟ್ಟಲಿಗೆ ತುಣುಕು ಬೀಳುವುದೂ ಕೇಳುತ್ತಿತ್ತು. ನಡುವೆ ಒಮ್ಮೆ ಆ ಸದ್ದು ಬದಲಾಯಿತು. ಟಣ್ ಎಂದು ಗಟ್ಟಿಯಾದದ್ದು ಬಿತ್ತು.

ಮಧ್ಯಾಹ್ನ ಮೇಧಾ ಆ ಬಟ್ಟಲನ್ನು ವಾರ್ಡಿಗೇ ತಂದರು. ಹಾಸಿಗೆಯ ಸುತ್ತ ಶಿವಯೋಗಪ್ಪ, ಶಾಂಭವಿ, ಮತ್ತೆ ಹಾಲಿನ ಫ್ಲಾಸ್ಕು ಹಿಡಿದು ನೋಡಲು ಬಂದಿದ್ದ ರಶ್ಮಿಯ ಭಾವೀ ಅತ್ತೆ ಬಂಗಾರಮ್ಮ ಇದ್ದರು. ಬಟ್ಟಲಲ್ಲಿ ಉಗುರಿನಷ್ಟು ಉದ್ದದ, ಒಂದು ತುದಿ ಸೂಜಿಯಂತಿದ್ದ ಚೂರು.

"ಅಮ್ಮ, ಇದು ನಿಮ್ಮ ಕೈಯೊಳಗೆ ಸಿಕ್ತು. ನಿಮ್ಮ ಮೂಳೆ ಅಲ್ಲ ಇದು. ಈಳಿಗೆಮಣೇಲಿ ಮೂಳೆ ಎಲ್ಲಿಂದ ಬಂತು?"

ಶಾಂಭವಿ ನಡುವೆ ಬಾಯಿ ಹಾಕಿದಳು. "ಏನೋ ಕಡ್ಡಿ ಇರ್ಬೇಕು ಡಾಕ್ಟ್ರೆ. ನಾವು ಮೊಟ್ಟೇನೂ ಮುಟ್ಟೋರಲ್ಲ," ಎಂದಳು.

ಮೇಧಾ ಅವಳ ಕಡೆ ನೋಡಲಿಲ್ಲ. ಕೀವಿನ ಪರೀಕ್ಷೆಯ ಫಲ ಬರಲು ಇನ್ನೂ ಎರಡು ದಿನ ಬೇಕು, ಕೈಗೆ ಅಷ್ಟು ಸಮಯವಿಲ್ಲ, ಕ್ಲಿನಿಕ್ಕಿನ ಮಾತ್ರೆಗೆ ಅದು ಬಗ್ಗಿಲ್ಲ ಎಂದು ದಾಕ್ಷಾಯಣಮ್ಮನಿಗೇ ವಿವರಿಸಿದರು. "ಬೆರಳು ಹೋಗೋದೋ, ಕೈ ಹೋಗೋದೋ, ತೋಳೇ ಹೋಗೋದೋ ನಂಗೆ ಗೊತ್ತಿಲ್ಲ. ಎಲ್ಲಿಂದ ಬಂತು ಅಂತ ತಿಳಿದ್ರೆ, ಯಾವ ಔಷಧಿ ಕೊಟ್ಟು ಪ್ರಯೋಜನ ಇಲ್ಲ ಅನ್ನೋದಾದ್ರೂ ತಿಳಿಯುತ್ತೆ."

ದಾಕ್ಷಾಯಣಮ್ಮ ಗಂಡನನ್ನು ನೋಡಿದಳು. ಕಾದ ಕಬ್ಬಿಣದ ಎದುರು ಕಣ್ಣು ಮಿಟುಕಿಸದ ಆ ಮನುಷ್ಯ ನೆಲ ನೋಡುತ್ತಿದ್ದ. ಫ್ಲಾಸ್ಕು ಹಿಡಿದ ಬಂಗಾರಮ್ಮನನ್ನು ನೋಡಿದಳು. ಆಮೇಲೆ ದಿಂಬಿನ ಮೇಲೆ ಎತ್ತಿಟ್ಟಿದ್ದ, ತನ್ನದಲ್ಲದ ಹಾಗೆ ಕಾಣುತ್ತಿದ್ದ ತನ್ನ ಕೈಯನ್ನು.

"ಕೋಳೀದು," ಎಂದಳು. "ಸತ್ತ ಕೋಳಿ ಕಾಲು ಮುರಿದು ಚೀಲಕ್ಕೆ ತುಂಬ್ತಿದ್ದೆ. ನಮ್ದು ಕೋಳಿ ಫಾರಂ ಡಾಕ್ಟ್ರಮ್ಮ. ಐದು ವರ್ಷದಿಂದ ನಾನೇ ಕತ್ತು ಮುರೀತಿದ್ದೀನಿ. ಈ ಕೈಲಿ ಕೊಲ್ಲಬಾರದು ಅಂತಿತ್ತು. ಕೊಂದೆ. ಅದಕ್ಕೇ ಹಿಂಗಾಯ್ತು."

"ದೇವರು ಕೈ ಕೊಳೆಸಲ್ಲಮ್ಮ," ಎಂದರು ಮೇಧಾ. "ಕೋಳಿಗೆ ಏನೇನು ಕುಡಿಸ್ತಿದ್ರಿ, ಅದು ಹೇಳಿ."

ಬಂಗಾರಮ್ಮ ಫ್ಲಾಸ್ಕನ್ನು ಸ್ಟೂಲಿನ ಮೇಲಿಟ್ಟು ಹೊರಗೆ ನಡೆದಳು. ಅವಳ ಹಿಂದೆ ಓಡಿದ ಶಾಂಭವಿ ಬಾಗಿಲಲ್ಲೇ ನಿಂತುಬಿಟ್ಟಳು. ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ. ಆ ಸಂಬಂಧ ಅಲ್ಲಿಗೇ ಮುರಿಯಿತು. ಅದನ್ನು ಶಾಂಭವಿ ಇವತ್ತಿಗೂ ಎತ್ತಿ ಆಡಿಲ್ಲ.

ಶಿವಯೋಗಪ್ಪ ಭದ್ರಾವತಿಗೆ ಬೈಕಿನಲ್ಲಿ ಹೋಗಿ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಪ್ಯಾಕೆಟ್ಟುಗಳನ್ನೆಲ್ಲ ಒಂದು ಚೀಲದಲ್ಲಿ ತಂದು ಮೇಧಾರ ಮೇಜಿನ ಮೇಲೆ ಸುರಿದ. ಅವರು ಒಂದೊಂದೇ ಎತ್ತಿ ಓದಿದರು. ಓದುತ್ತ ಹೋದಂತೆ ತಮ್ಮ ಚೀಟಿಯಲ್ಲಿದ್ದ ಔಷಧಿಗಳ ಹೆಸರನ್ನು ಒಂದೊಂದೇ ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಒಂದು. ಕಿಡ್ನಿಗೆ ಕೆಟ್ಟದ್ದು, ಬೇರೆ ದಾರಿಯೇ ಇಲ್ಲದಿದ್ದಾಗ ಕೊಡುವಂಥದ್ದು. ಅದನ್ನೇ ಹಚ್ಚಿದರು. ಆದರೂ ಮಾರನೆಯ ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಕರಿಕಲ್ಲಿನ ಹಾಗೆ ತಣ್ಣಗಾಗಿದ್ದವು. ಎಡಗೈಯನ್ನು ಮಣಿಕಟ್ಟಿನ ಮೇಲೆ, ನಾಲ್ಕು ಬೆರಳಗಲ ಬಿಟ್ಟು ಕತ್ತರಿಸಿದರು. ಈ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿದ್ದರಿಂದ ಗರಗಸದ ಸದ್ದು ಅವಳಿಗೆ ಕೇಳಲಿಲ್ಲ. ಕೇಳಿದ್ದು ಹೊರಗೆ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದ ಶಿವಯೋಗಪ್ಪನಿಗೆ.

ಜ್ವರ ಇಳಿಯಿತು. ತೋಳು ಉಳಿಯಿತು, ಜೀವ ಉಳಿಯಿತು. ಪರೀಕ್ಷೆಯ ಫಲವೂ ಬಂತು. ಹದಿನಾರು ಔಷಧಿಗಳಲ್ಲಿ ಹದಿನಾಲ್ಕಕ್ಕೆ ಆ ಕ್ರಿಮಿ ಜಗ್ಗಿರಲಿಲ್ಲ. ಡ್ರೆಸಿಂಗ್ ಬಿಚ್ಚುವಾಗ ದಾಕ್ಷಾಯಣಮ್ಮ ಕೇಳಿಯೇ ಕೇಳಿದಳು, ಮೊದಲ ದಿನವೇ ಹೇಳಿದ್ದರೆ ಕೈ ಇರುತ್ತಿತ್ತೇ ಎಂದು. ಮೇಧಾ, ಗೊತ್ತಿಲ್ಲ, ಇರುತ್ತಿತ್ತೇನೋ ಎಂದರು. ಸಮಾಧಾನಕ್ಕಾಗಿ ಸುಳ್ಳು ಹೇಳದ ಆ ಹೆಣ್ಣಿನ ಮೇಲೆ ಅವಳಿಗೆ ಆಗ ನಂಬಿಕೆ ಹುಟ್ಟಿತು. ಕಾಯಿಲೆಯಿಲ್ಲದ ಕೋಳಿಗೂ ದಿನವೂ ಅಷ್ಟಷ್ಟೇ ಔಷಧಿ ಕುಡಿಸಿದರೆ ಏನಾಗುತ್ತದೆಂದು ಮೇಧಾ ಹೇಳತೊಡಗಿದರು. ಮೆತ್ತಗಿನ ಕ್ರಿಮಿಗಳು ಸಾಯುತ್ತವೆ, ತಡೆದುಕೊಳ್ಳುವ ನಾಲ್ಕಾರು ಉಳಿಯುತ್ತವೆ, ಮುಂದೆ ಹುಟ್ಟುವುದೆಲ್ಲ ಆ ನಾಲ್ಕಾರರ ಸಂತಾನ ಎಂದರು.

ದಾಕ್ಷಾಯಣಮ್ಮನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ಸೊರಗಿದ್ದನ್ನು ಆರಿಸಿ ಕೊಲ್ಲುವುದು, ಗಟ್ಟಿ ಇರುವುದನ್ನು ಉಳಿಸುವುದು ಅವಳದೇ ಕಸುಬು. ಬಲಗೈ ಕಣ್ಣಿಗೆ ಕಾಣುವ ಹಾಗೆ ಮಾಡುತ್ತಿದ್ದುದನ್ನೇ, ಪುಣ್ಯದ ಕೈ ಎಂದುಕೊಂಡಿದ್ದ ಎಡಗೈ ಬಕೆಟ್ಟಿನೊಳಗೆ ಕಣ್ಣಿಗೆ ಕಾಣದ ಹಾಗೆ ಮಾಡುತ್ತಿತ್ತು. ಐದು ವರ್ಷ ಅದು ತನ್ನ ಸಾವನ್ನು ತಾನೇ ಸಾಕಿತ್ತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಪಾಪಭಯ ಆ ಕ್ಷಣ ಎದ್ದುಹೋಯಿತು. ಆ ಜಾಗದಲ್ಲಿ ಬೆಂಕಿಯಂಥ ಸಿಟ್ಟು ಬಂದು ಕೂತಿತು.

ಡಿಸ್ಚಾರ್ಜ್ ಆಗುವ ದಿನ ಸತೀಶ್ ಮೂಸಂಬಿ ಹಣ್ಣಿನ ಜೊತೆಗೆ ಒಂದು ಕಾಗದ ತಂದ. ಗಾಯವಾದದ್ದು ಮನೆಯ ಈಳಿಗೆಮಣೆಯಿಂದ, ಫಾರಮ್ಮಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದಿತ್ತು. ಕ್ಲಿನಿಕ್ಕಿನ ಚೀಟಿಯಲ್ಲೂ ಹಾಗೇ ಇದೆಯಂತಲ್ಲ ಯಜಮಾನ್ರೆ, ಒಂದು ಸಹಿ ಎಂದ. ಶಿವಯೋಗಪ್ಪ ಅವನನ್ನು ಆಸ್ಪತ್ರೆಯ ಗೇಟಿನವರೆಗೂ ತೋಳು ಹಿಡಿದು ಮರ್ಯಾದೆಯಿಂದ ಕರೆದುಕೊಂಡು ಹೋದ. ಗೇಟು ದಾಟಿದ ಮೇಲೆ ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಅವನ ಮುಖಕ್ಕೆ ಬೀಸಿದ. ಎರಡನೆಯ ಏಟಿಗೆ ಹುಬ್ಬು ಒಡೆಯಿತು, ಮೂರನೆಯದಕ್ಕೆ ಸತೀಶ್ ಚರಂಡಿಯ ಕಲ್ಲಿನ ಮೇಲೆ ಬಿದ್ದ. ಬಿದ್ದವನ ಪಕ್ಕೆಗೆ ಒದೆಯುತ್ತಿದ್ದಾಗ ಆಟೋದವರು ಬಂದು ಎಳೆದರು. ಕಿಟಕಿಯಿಂದ ನೋಡುತ್ತಿದ್ದ ದಾಕ್ಷಾಯಣಮ್ಮನಿಗೆ ಅದರಿಂದ ಯಾವ ತಂಪೂ ಆಗಲಿಲ್ಲ. ಸತೀಶ್ ರಕ್ತ ಒರೆಸಿಕೊಳ್ಳುತ್ತ ಚೆಲ್ಲಾಪಿಲ್ಲಿಯಾದ ಮೂಸಂಬಿಗಳನ್ನು ಹೆಕ್ಕಿ, ಗೇಟಿನ ಪಕ್ಕ ಇಟ್ಟು ಹೋದ. ಅವನೂ ಯಾರದೋ ಮಾತು ಹೊತ್ತು ತಿರುಗುವವನೇ.

ಕಂಪನಿ ಜಗಳ ಬೆಳೆಸಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಮತ್ತೆ ಏಳು ಸಾವಿರ ಮರಿ ಬಂದವು, ಹುಬ್ಬಿಗೆ ಹೊಲಿಗೆಯ ಗುರುತು ಹೊತ್ತ ಸತೀಶನೇ ತಂದ. ಬೇಡ ಎನ್ನಲು ಶಿವಯೋಗಪ್ಪನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಬೇರೆ ಕೆಲಸವಿರಲಿಲ್ಲ. ದಾಕ್ಷಾಯಣಮ್ಮ ಎರಡೇ ಮಾತು ಹೇಳಿದಳು: ತಾನು ಇನ್ನು ಕತ್ತು ಮುರಿಯುವುದಿಲ್ಲ, ಟ್ಯಾಂಕಿಗೆ ಬರೀ ನೀರು. ಈಗ ಅವಳಿಗಿದ್ದುದು ಒಂದೇ ಕೈ. ಲಿಂಗಕ್ಕೂ ಅದೇ, ಕೋಳಿಗೂ ಅದೇ. ಗಂಡ ಹೂಂ ಎಂದ. ಸತೀಶ್ ತಂದಿಟ್ಟ ಪ್ಯಾಕೆಟ್ಟುಗಳನ್ನು ಅವಳು ಫೀಡಿನ ಕೋಣೆಯಲ್ಲಿ ಬೀಗ ಹಾಕಿಟ್ಟಳು.

ಹತ್ತೊಂಬತ್ತು ದಿನ ಸರಿಯಾಗಿತ್ತು. ಇಪ್ಪತ್ತನೆಯ ದಿನ ಗೊರಗೊರ ಶುರುವಾಯಿತು. ಶಿವಯೋಗಪ್ಪ ಮೂರು ಸಲ ಶೆಡ್ಡಿಗೆ ಹೋಗಿ ಬಂದ. ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಬೀಗ ಒಡೆದ ಸದ್ದು ಕೇಳಿ ಅವಳು ಹೊರಗೆ ಬಂದಾಗ ಅವನು ಪುಡಿ ಕಲಸಿದ ಬಕೆಟ್ಟು ಹಿಡಿದು ಏಣಿಯ ಕಡೆ ಹೋಗುತ್ತಿದ್ದ. ಸತೀಶ್ ಬೈಕಿನ ಮೇಲೆ ಕೂತು ನೋಡುತ್ತಿದ್ದ.

ಅವಳು ಏಣಿಗೆ ಅಡ್ಡ ನಿಂತಳು. ಪಕ್ಕಕ್ಕೆ ಸರಿ ಎಂದು ಅವನು ಹೇಳಿದ. ಸರಿಯಲಿಲ್ಲ. "ಸಾಯ್ತವೆ ಕಣೇ! ಎಲ್ಲಾ ಸಾಯ್ತವೆ. ಆಮೇಲೆ ನೀನು ಒಂದು ಕೈಲಿ, ನಾನು ಎರಡು ಕೈಲಿ ಭಿಕ್ಷೆ ಎತ್ತಾಣ," ಎಂದು ಅವನು ಬೊಬ್ಬೆ ಹಾಕಿದ. ಅವಳು ಏಣಿಯ ಮೆಟ್ಟಿಲನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಳು. ಅವನು ಭುಜ ಹಿಡಿದು ಎಳೆದ. ಅವಳ ಹಣೆ ಕಬ್ಬಿಣಕ್ಕೆ ಬಡಿಯಿತು, ಚರ್ಮ ಬಿರಿದು ರಕ್ತ ಕಣ್ಣಿಗಿಳಿಯಿತು. ಆದರೂ ಹಿಡಿತ ಬಿಡಲಿಲ್ಲ. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಾಗ, ಅವಳು ಸೆರಗಿನೊಳಗಿದ್ದ ಮೊಂಡುಗೈಯನ್ನು ತೆಗೆದು ಅವನ ಎದೆಗೆ ಒತ್ತಿದಳು.

"ಹಾಕ್ರಿ," ಎಂದಳು. "ಇದನ್ನ ದಾಟಿ ಹೋಗಿ ಹಾಕ್ರಿ."

ಶಿವಯೋಗಪ್ಪ ಆ ಕೈಯನ್ನು ಇಷ್ಟು ಹತ್ತಿರದಿಂದ, ಬಟ್ಟೆಯಿಲ್ಲದೆ ನೋಡಿರಲಿಲ್ಲ. ಡ್ರೆಸಿಂಗಿನ ಹೊತ್ತಿಗೆ ಪ್ರತಿಸಲವೂ ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದ. ಈಗ ಅದರ ತುದಿಯ ನುಣುಪು, ಹೊಲಿಗೆಯ ಸಾಲು, ಒಳಗೆ ಇನ್ನೂ ಮುಷ್ಟಿ ಕಟ್ಟಲು ಹವಣಿಸುವ ನರಗಳ ಕುಣಿತ ಅವನ ಅಂಗಿಯ ಮೇಲೇ ಇತ್ತು. ಬಕೆಟ್ಟು ಕೈಯಿಂದ ಜಾರಿತು. ಬಿಳಿ ನೀರು ಇಬ್ಬರ ಪಾದಗಳ ಮೇಲೆ ಹರಿದು ಮಣ್ಣಿಗಿಳಿಯಿತು. ಅವನು ಅಲ್ಲೇ ಕುಸಿದು ಕೂತ.

ಸತೀಶ್ ಬೈಕಿನಿಂದ ಇಳಿಯದೆ ಫೋನು ತೆಗೆದ. ಕೋಳಿಗಳು ಕಂಪನಿಯವು, ನಾಳೆ ಬೆಳಿಗ್ಗೆ ಬಂದು ಎತ್ತುತ್ತಾರೆ, ಈ ಶೆಡ್ಡಿಗೆ ಇನ್ನು ಮರಿ ಬರುವುದಿಲ್ಲ ಎಂದ. ಹೇಳುವಾಗ ಅವನ ದನಿಯಲ್ಲಿ ಗೆಲುವಿರಲಿಲ್ಲ. ಹೊರಡುವ ಮುಂಚೆ, ಹಣೆಗೆ ಅರಿಶಿನ ಒತ್ತಿಕೊಳ್ಳಿ ಅಕ್ಕ ಎಂದ.

ಮರುದಿನ ಬಿಸಿಲೇರುವ ಮುಂಚೆ ಎರಡು ಲಾರಿ ಬಂದವು. ಆಳುಗಳು ಒಂದೊಂದು ಕೈಗೆ ಐದೈದು ಕೋಳಿಗಳನ್ನು ಕಾಲು ಹಿಡಿದು ಎತ್ತಿ, ತಲೆಕೆಳಗಾಗಿ ಬೀಸಿ, ಪ್ಲಾಸ್ಟಿಕ್ ಬುಟ್ಟಿಗಳಿಗೆ ಎಸೆದರು. ಮುಚ್ಚಳಕ್ಕೆ ಸಿಕ್ಕಿದ ರೆಕ್ಕೆಗಳು ಮುರಿದವು. ತೇಕುತ್ತಿದ್ದವನ್ನು ಯಾರೂ ಬೇರ್ಪಡಿಸಲಿಲ್ಲ. ಎಲ್ಲವೂ ಒಂದೇ ಲಾರಿಗೆ ಏರಿದವು. ಅವು ಎಲ್ಲಿಗೆ ಹೋಗುತ್ತವೆಂದು ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಅಲ್ಲಿ ಕೊಯ್ಯುವವರ ಕೈಗಳೂ ಕೈಗಳೇ. ಲಾರಿಯ ಹಿಂದೆ ಓಡಿ ಆಳುಗಳಿಗೆ ಹೇಳಿದಳು, ಕೈಗೆ ಚೀಲವಾದರೂ ಹಾಕಿಕೊಳ್ಳಿ, ಗಾಯವಾದರೆ ಮುಚ್ಚಿಡಬೇಡಿ ಎಂದು. ಆಳುಗಳಲ್ಲಿ ಒಬ್ಬ ನಕ್ಕ. ಇನ್ನೊಬ್ಬ ತನ್ನ ಗೀರುಬಿದ್ದ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

ಶೆಡ್ಡು ಖಾಲಿಯಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅಲ್ಲಿ ಕಾಲುವೆಯ ನೀರಿನ ಸದ್ದು ಕೇಳಿಸಿತು. ಹೊಟ್ಟಿನ ಮೇಲೆ ಗರಿ ಹಾರಾಡುತ್ತಿದ್ದವು. ಶಿವಯೋಗಪ್ಪ ಬಾಗಿಲಿಗೆ ಒರಗಿ, ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದ. ಇನ್ನೇನು ಮಾಡುವುದು ಎಂದು ಕೇಳಿದ. ಹೆಂಡತಿಯನ್ನು ಅವನು ಹಾಗೆ ಕೇಳಿದ್ದು ಅದೇ ಮೊದಲು.

ದಾಕ್ಷಾಯಣಮ್ಮ ಸೆರಗು ಸಿಕ್ಕಿಸಿ, ತೆಂಗಿನ ನಾರಿನ ಬ್ರಷ್ಷು ತೆಗೆದುಕೊಂಡಳು.

"ಮೊದಲು ಟ್ಯಾಂಕು ತೊಳೀಬೇಕು," ಎಂದಳು. "ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ನಂಗೆ ಒಂದೇ ಕೈ. ನೀವೂ ಬನ್ನಿ."